ಒತ್ತಡಕ್ಕೂ ಒಂದು ಕೋಡಿ: ಪಾಸ್ಕಲನಿಂದ ಕಿರು ಟ್ರಾಕ್ಟರಿನವರೆಗೆ

ವಿಜ್ಞಾನದ ಪಾಠವು ಮುಗಿದು ಮಕ್ಕಳು ಪುಸ್ತಕಗಳನ್ನು ಮಡಿಚುತ್ತಿದ್ದ ಹೊತ್ತಿನಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತು ನಮ್ಮನ್ನು ಕೇಳಿದನು: "ಮೇಷ್ಟ್ರೇ, ನಮ್ಮಣ್ಣನ ಚಿಕ್ಕ ಟ್ರಾಕ್ಟರಿನ ಮುಂದೆ ಗೊಬ್ಬರ ಎತ್ತೋ ಬಕೆಟ್ಟು ಐತೆ. ಅದರಲ್ಲಿ ಒಂದು ತಿರುಪು ಐತಂತೆ. ಅದನ್ನ ಇನ್ನೆರಡು ಸುತ್ತು ಬಿಗಿದರೆ ಎರಡರಷ್ಟು ಭಾರ ಎತ್ತುತ್ತಂತೆ. ನಿಜವಾ?" ನಮಗೆ ಕೂಡಲೇ ಉತ್ತರವು ತೋಚಲಿಲ್ಲ. ಮಾರನೆಯ ದಿನ ಹೇಳುವುದಾಗಿ ತಿಳಿಸಿ ಮಕ್ಕಳನ್ನು ಮನೆಗೆ ಕಳುಹಿಸಿದೆವು. ಆ ರಾತ್ರಿ ಪುಸ್ತಕಗಳನ್ನು ತಿರುವಿಹಾಕುತ್ತ ಹೋದಂತೆ, ಆ ಒಂದು ತಿರುಪಿನ ಹಿಂದೆ ಮೂರೂವರೆ ಶತಮಾನಗಳ ಚರಿತ್ರೆಯು ಅಡಗಿರುವುದು ನಮಗೆ ಕಂಡುಬಂದಿತು. ಅರಸರ ಯುದ್ಧಗಳನ್ನೂ ಪಟ್ಟಾಭಿಷೇಕಗಳನ್ನೂ ಬಾಯಿಪಾಠ ಮಾಡಿಸುವ ನಾವು, ನಮ್ಮ ಮಕ್ಕಳ ಕೈಗೆ ದಿನವೂ ಸಿಗುವ ಯಂತ್ರಗಳ ಚರಿತ್ರೆಯನ್ನೂ ಒಮ್ಮೆ ಹೇಳಬೇಡವೇ? ಆ ಉದ್ದೇಶದಿಂದಲೇ ಈ ಲೇಖನವನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ನಮ್ಮ ಕಣ್ಣೆದುರಿನ ಒಂದು ದೃಷ್ಟಾಂತವನ್ನು ನೋಡೋಣ. ಕೆರೆಯಿಲ್ಲದ ಊರು ನಮ್ಮ ಸೀಮೆಯಲ್ಲಿ ವಿರಳ. ಕೋಡಿಯಿಲ್ಲದ ಕೆರೆಯಂತೂ ಇಲ್ಲವೇ ಇಲ್ಲ. ಕೆರೆಯನ್ನು ಕಟ್ಟಿಸಿದ ಹಿರಿಯರು ಏರಿಯನ್ನು ಎಷ್ಟು ಶ್ರದ್ಧೆಯಿಂದ ಕಟ್ಟಿಸಿದರೋ ಅಷ್ಟೇ ಶ್ರದ್ಧೆಯಿಂದ ಕೋಡಿಯನ್ನೂ ಇರಿಸಿದರು. ಏರಿಯು ತಾಳಬಲ್ಲಷ್ಟು ನೀರು ನಿಂತ ಬಳಿಕ ಮಿಕ್ಕದ್ದು ತಾನಾಗಿ ಹರಿದುಹೋಗಬೇಕೆಂಬುದೇ ಅದರ ಮರ್ಮ. ಕೋಡಿ ಬಿದ್ದ ದಿನ ಊರವರು ಸಂತೋಷದಿಂದ ಬಾಗಿನವನ್ನು ಅರ್ಪಿಸುತ್ತಾರೆ. ಆದರೆ ಇನ್ನೊಂದಡಿ ನೀರು ನಿಲ್ಲಲೆಂಬ ಆಸೆಯಿಂದ ಕೋಡಿಯ ಮೇಲೆ ಕಲ್ಲುಮಣ್ಣು ಪೇರಿಸುವವರೂ ಉಂಟು. ಆ ಒಂದಡಿಯ ನೀರು ಅವರ ಗದ್ದೆಗೆ ಲಾಭವಾಗಿ ಕಾಣುತ್ತದೆ. ಏರಿಗೆ ಅದು ಮೃತ್ಯುವಾಗಬಹುದು. ಹುಡುಗನು ಕೇಳಿದ ತಿರುಪು ಇಂತಹ ಒಂದು ಕೋಡಿಯ ಎತ್ತರವನ್ನು ನಿಶ್ಚಯಿಸುವ ತಿರುಪು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಚರಿತ್ರೆಯೊಳಕ್ಕೆ ಪ್ರವೇಶಿಸೋಣ.

ಫ್ರಾನ್ಸ್ ದೇಶದ ಕ್ಲೆರ್ಮೋಂ ಎಂಬ ಊರಿನಲ್ಲಿ 1623ರಲ್ಲಿ ಬ್ಲೇಸ್ ಪಾಸ್ಕಲನು ಹುಟ್ಟಿದನು. ಬದುಕಿದ್ದುದು ಕೇವಲ 39 ವರ್ಷ. ಆತನು ದ್ರವಗಳ ಸಮತೋಲವನ್ನು ಕುರಿತು ಬರೆದ ಗ್ರಂಥವು ಆತನ ಮರಣಾನಂತರ 1663ರಲ್ಲಿ ಪ್ರಕಟವಾಯಿತು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಯಾವುದೇ ಒಂದು ಕಡೆ ಒತ್ತಿದರೆ ಆ ಒತ್ತಡವು ಕುಗ್ಗದೆ ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ ಎಂಬುದೇ ಆತನು ಸ್ಥಾಪಿಸಿದ ತತ್ತ್ವ. ನೀರು ತುಂಬಿದ ಪಾತ್ರೆಗೆ ಎರಡು ಬಾಯಿಗಳಿದ್ದು, ಒಂದರ ವಿಸ್ತಾರವು ಇನ್ನೊಂದರ ನೂರರಷ್ಟಿದ್ದರೆ, ಕಿರಿಯ ಬಾಯಿಯ ಪಿಸ್ಟನ್ನನ್ನು ಒತ್ತುವ ಒಬ್ಬ ಮನುಷ್ಯನು ಹಿರಿಯ ಬಾಯಿಯ ಪಿಸ್ಟನ್ನನ್ನು ಒತ್ತುವ ನೂರು ಜನರಿಗೆ ಸರಿಸಾಟಿಯಾಗಿ ನಿಲ್ಲಬಲ್ಲನೆಂದು ಆತನು ತೋರಿಸಿಕೊಟ್ಟನು. ಆದರೆ ಇಲ್ಲಿ ಪುಕ್ಕಟೆಯಾಗಿ ಏನೂ ದೊರೆಯುವುದಿಲ್ಲ. ಕಿರಿಯ ಪಿಸ್ಟನ್ನು ನೂರು ಅಂಗುಲ ಇಳಿದರೆ ಹಿರಿಯದು ಒಂದೇ ಅಂಗುಲ ಏರುತ್ತದೆ. ಬಲವು ಹೆಚ್ಚಿದಷ್ಟೂ ಚಲನೆಯು ಕುಗ್ಗುತ್ತದೆ. ಒತ್ತಡದ ಅಂತರರಾಷ್ಟ್ರೀಯ ಮಾನಕ್ಕೆ 1971ರಲ್ಲಿ ಪಾಸ್ಕಲನ ಹೆಸರನ್ನೇ ಇಡಲಾಯಿತು.

ಪಾಸ್ಕಲನು ಬಲವನ್ನು ಹೆಚ್ಚಿಸುವ ದಾರಿಯನ್ನು ತೋರಿಸಿದನು. ಬಲಕ್ಕೆ ಮೇರೆಯನ್ನು ಕಲ್ಪಿಸುವ ಉಪಾಯವಾದರೋ ಒಂದು ಅಡಿಗೆಯ ಪಾತ್ರೆಯಿಂದ ಬಂದಿತು. ಡೆನಿ ಪಾಪೆನ್ ಎಂಬ ಇನ್ನೊಬ್ಬ ಫ್ರೆಂಚ್ ಪಂಡಿತನು 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಒಂದು ಬಿಗಿಮುಚ್ಚಳದ ಪಾತ್ರೆಯನ್ನು ತಂದಿಟ್ಟನು. ಅದರಲ್ಲಿ ಕೂಡಿಟ್ಟ ಉಗಿಯು ಮೂಳೆಗಳನ್ನೂ ಮೆತ್ತಗಾಗಿಸುತ್ತಿತ್ತು. ಆದರೆ ಕೂಡಿದ ಉಗಿಯು ಪಾತ್ರೆಯನ್ನೇ ಸಿಡಿಸಿದರೆ ಗತಿಯೇನು? ಅದಕ್ಕಾಗಿ ಆತನು ಒಂದು ರಂಧ್ರವನ್ನಿರಿಸಿ, ಅದರ ಮುಚ್ಚಳದ ಮೇಲೆ ಸನ್ನೆಗೋಲಿನ ಮೂಲಕ ಒಂದು ತೂಕವನ್ನು ತೂಗುಹಾಕಿದನು. ಒತ್ತಡವು ತೂಕವನ್ನು ಮೀರಿದೊಡನೆ ಮುಚ್ಚಳವು ಎದ್ದು ಉಗಿಯು ಹೊರಹೋಗುವುದು. ಇಂದು ನಮ್ಮ ಮನೆಗಳಲ್ಲಿ ಕುಕ್ಕರು ಕೂಗುವಾಗ ಪಾಪೆನ್ನನ ಆ ತೂಕವೇ ಎದ್ದು ಕುಣಿಯುತ್ತಿದೆಯೆಂದು ತಿಳಿಯಬೇಕು. ಸುರಕ್ಷಾ ಕವಾಟವೆಂಬುದರ ಉದಯ ಹೀಗಾಯಿತು.

ಪಾಸ್ಕಲನ ತತ್ತ್ವವು ಕಾರ್ಯರೂಪಕ್ಕೆ ಬರಲು ನೂರಮೂವತ್ತಕ್ಕೂ ಮಿಕ್ಕಿ ವರ್ಷಗಳು ಬೇಕಾದುವು. ಇಂಗ್ಲೆಂಡಿನ ಯಾರ್ಕ್‌ಷೈರಿನ ರೈತನ ಮಗನೂ, ಬೀಗಗಳ ತಯಾರಿಕೆಯಲ್ಲಿ ಹೆಸರಾದವನೂ ಆದ ಜೋಸೆಫ್ ಬ್ರಾಮಾ 1795ರಲ್ಲಿ ಜಲಒತ್ತುಯಂತ್ರಕ್ಕೆ ಪೇಟೆಂಟು ಪಡೆದನು. ಒತ್ತಡವು ಏರಿದಂತೆ ಪಿಸ್ಟನ್ನಿನ ಸುತ್ತಲಿಂದ ನೀರು ಚಿಮ್ಮಿಬಿಡುವುದೇ ಆತನಿಗೆ ಎದುರಾದ ದೊಡ್ಡ ತೊಡಕು. ಬಟ್ಟಲಿನಂತೆ ಮಡಿಸಿದ ತೊಗಲಿನ ಪಟ್ಟಿಯೊಂದನ್ನು ಅಲ್ಲಿ ಕೂರಿಸಲು, ನೀರಿನ ಒತ್ತಡವೇ ಆ ಪಟ್ಟಿಯನ್ನು ಅಗಲಿಸಿ ಗೋಡೆಗೆ ಬಿಗಿಯಾಗಿ ಅಂಟಿಸುತ್ತಿತ್ತು. ಒತ್ತಡ ಹೆಚ್ಚಿದಷ್ಟೂ ಬಿಗಿಯೂ ಹೆಚ್ಚು. ಈ ಯುಕ್ತಿಯು ಆತನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್ಸ್‌ಲೇಯದೆಂದು ಹೇಳುವುದುಂಟು. ಇಂದಿನ ಟ್ರಾಕ್ಟರಿನ ಸಿಲಿಂಡರಿನಲ್ಲಿರುವ ರಬ್ಬರಿನ ಸೀಲು ಆ ತೊಗಲಿನ ಬಟ್ಟಲಿನ ಸಂತತಿಯೇ ಸರಿ.

ಬಲವು ಕೈಗೆ ಬಂದೊಡನೆ ಮೇರೆಯ ಪಾಠವನ್ನೂ ಮನುಷ್ಯನು ಕಲಿಯಬೇಕಾಯಿತು. ಈ ಪಾಠದ ಎರಡು ಪ್ರಸಂಗಗಳನ್ನು ಇಲ್ಲಿ ಹೇಳುವುದು ಅವಶ್ಯ.

ಮೊದಲನೆಯದು ಅಮೆರಿಕ ದೇಶದ್ದು. ದಕ್ಷಿಣ ಕೆರೊಲಿನಾ ಪ್ರಾಂತದಲ್ಲಿ ಓಡುತ್ತಿದ್ದ 'ಬೆಸ್ಟ್ ಫ್ರೆಂಡ್ ಆಫ್ ಚಾರ್ಲ್ಸ್‌ಟನ್' ಎಂಬ ಉಗಿಬಂಡಿಯ ಕುದಿಪಾತ್ರೆಯು 1831ರ ಜೂನ್ ತಿಂಗಳಲ್ಲಿ ಸಿಡಿದುಹೋಯಿತು. ಸುರಕ್ಷಾ ಕವಾಟದಿಂದ ಹೊರಡುತ್ತಿದ್ದ ಉಗಿಯ ಸದ್ದನ್ನು ಸಹಿಸಲಾರದೆ, ಬೆಂಕಿಯನ್ನು ನೋಡಿಕೊಳ್ಳುತ್ತಿದ್ದ ಕೆಲಸಗಾರನು ಆ ಕವಾಟವನ್ನು ಅದುಮಿ ಮುಚ್ಚಿದನೆಂದೂ, ಅದರಿಂದಲೇ ಅನಾಹುತವಾಯಿತೆಂದೂ ಆಗಿನ ವರದಿಗಳು ಹೇಳಿದುವು. ಆತನು ಪ್ರಾಣವನ್ನೇ ತೆತ್ತನು. ಆ ಬಳಿಕ ಪ್ರಯಾಣಿಕರ ಧೈರ್ಯಕ್ಕೆಂದು ಎಂಜಿನಿಗೂ ಗಾಡಿಗಳಿಗೂ ನಡುವೆ ಹತ್ತಿಯ ಮೂಟೆಗಳನ್ನು ಹೇರಿದ ಒಂದು ಬಂಡಿಯನ್ನು ಜೋಡಿಸಲಾರಂಭಿಸಿದರು. ಆದರೆ ನಿಜವಾದ ಪರಿಹಾರವು ಹತ್ತಿಯ ಮೂಟೆಯಲ್ಲಿರಲಿಲ್ಲ. ಇಂಗ್ಲೆಂಡಿನ ರೈಲ್ವೆ ಎಂಜಿನಿಯರಾದ ಜಾನ್ ರಾಮ್ಸ್‌ಬಾಟಮ್ 1855ರ ಸುಮಾರಿಗೆ ಒಂದು ಹೊಸ ಬಗೆಯ ಕವಾಟವನ್ನು ರಚಿಸಿದನು. ಎರಡು ಕವಾಟಗಳ ನಡುವೆ ಒಂದೇ ಸ್ಪ್ರಿಂಗನ್ನಿರಿಸಿದ ಆ ಏರ್ಪಾಡಿನಲ್ಲಿ, ಚಾಲಕನು ಅದರ ಹಿಡಿಯನ್ನು ಎತ್ತ ಜಗ್ಗಿದರೂ ಒಂದಿಲ್ಲೊಂದು ಕವಾಟವು ಸಡಿಲವಾಗುತ್ತಿತ್ತೇ ಹೊರತು ಎರಡೂ ಬಿಗಿಯುತ್ತಿರಲಿಲ್ಲ. ಯಂತ್ರದ ಕೋಡಿಯನ್ನು ಅವಸರದ ಕೈಗಳಿಂದ ಕಾಪಾಡಬೇಕೆಂಬ ವಿವೇಕವು ಹೀಗೆ ಲೋಹದಲ್ಲಿ ರೂಪುಗೊಂಡಿತು.

ಎರಡನೆಯ ಪ್ರಸಂಗವು ಜಲಒತ್ತುಯಂತ್ರಕ್ಕೇ ಸೇರಿದ್ದು. ವೇಲ್ಸಿನ ಮೆನೈ ಜಲಸಂಧಿಯ ಮೇಲೆ ರಾಬರ್ಟ್ ಸ್ಟೀಫನ್‌ಸನ್ನನು ಬ್ರಿಟಾನಿಯಾ ಸೇತುವೆಯನ್ನು ಕಟ್ಟಿಸುತ್ತಿದ್ದನು. ಸಾವಿರಕ್ಕೂ ಹೆಚ್ಚು ಟನ್ನು ತೂಗುವ ಕಬ್ಬಿಣದ ಮಹಾನಾಳಗಳನ್ನು ಬ್ರಾಮಾ ಮಾದರಿಯ ಒತ್ತುಯಂತ್ರಗಳಿಂದ ಸುಮಾರು ನೂರಡಿ ಮೇಲಕ್ಕೆ ಎತ್ತಬೇಕಾಗಿತ್ತು. ನಾಳವು ಮೇಲೇರಿದಂತೆಲ್ಲ ಅದರ ಕೆಳಗೆ ಆಸರೆಯನ್ನು ಕಟ್ಟುತ್ತ ಬರಬೇಕೆಂದು ಆತನು ಕಟ್ಟಪ್ಪಣೆ ಮಾಡಿದ್ದನು. 1849ರ ಆಗಸ್ಟಿನಲ್ಲಿ ಒಂದು ಒತ್ತುಯಂತ್ರದ ಸಿಲಿಂಡರಿನ ತಳವು ಹಠಾತ್ತನೆ ಒಡೆದು ಕಳಚಿಬಿದ್ದಿತು. ಕೆಳಗೆ ಆಸರೆಯಿದ್ದುದರಿಂದ ನಾಳವು ಕೆಲವೇ ಅಂಗುಲಗಳಷ್ಟು ಕುಸಿದು ನಿಂತಿತು. ಇಲ್ಲದಿದ್ದರೆ ಸಮುದ್ರದ ಪಾಲಾಗುತ್ತಿತ್ತು. ಸೇತುವೆಯು 1850ರಲ್ಲಿ ಪೂರೈಸಿತು. ಎತ್ತಿದ ಭಾರದ ಕೆಳಗೆ ಆಸರೆಯಿಲ್ಲದೆ ನಿಲ್ಲಬಾರದೆಂಬ ನಿಯಮವು ಇಂದು ನಮ್ಮೂರಿನ ಟ್ರಾಕ್ಟರಿನ ಬಕೆಟ್ಟಿಗೂ ಅನ್ವಯಿಸುತ್ತದೆ.

ಇನ್ನು, ಒತ್ತಡವನ್ನು ಬೇಕಾದ ಅಳತೆಯಲ್ಲಿ ನಿಲ್ಲಿಸಿಕೊಳ್ಳುವ ಕಲೆಯನ್ನು ಬೆಳೆಸಿದವನು ನ್ಯೂಕಾಸಲ್ಲಿನ ವಿಲಿಯಂ ಆರ್ಮ್‌ಸ್ಟ್ರಾಂಗ್. ವೃತ್ತಿಯಿಂದ ವಕೀಲನಾಗಿದ್ದ ಈತನು 1846ರಲ್ಲಿ ಆ ಊರಿನ ಬಂದರುಕಟ್ಟೆಯ ಮೇಲೆ ನೀರಿನ ಒತ್ತಡದಿಂದ ನಡೆಯುವ ಭಾರಎತ್ತುಗವನ್ನು ಸ್ಥಾಪಿಸಿದನು. ನೀರಿಗೆ ಒತ್ತಡ ಬರಬೇಕಾದರೆ ಎತ್ತರದ ತೊಟ್ಟಿ ಬೇಕು. ಗ್ರಿಮ್ಸ್‌ಬಿ ಬಂದರಿನಲ್ಲಿ ಇದಕ್ಕಾಗಿಯೇ ಕಟ್ಟಿದ ಸುಮಾರು 300 ಅಡಿಯ ಗೋಪುರವು ಇಂದಿಗೂ ನಿಂತಿದೆ. ಗೋಪುರವನ್ನು ಕಟ್ಟಲಾಗದ ಕಡೆ ಏನು ಮಾಡುವುದು? ನಿಂತ ಸಿಲಿಂಡರಿನ ಪಿಸ್ಟನ್ನಿನ ಮೇಲೆ ಕಲ್ಲು, ಕಬ್ಬಿಣಗಳ ಭಾರವನ್ನು ಹೇರಿ, ಪಂಪಿನಿಂದ ಅದರೊಳಕ್ಕೆ ನೀರನ್ನು ತುಂಬಿ, ಗೋಪುರವಿಲ್ಲದೆಯೇ ಸ್ಥಿರವಾದ ಒತ್ತಡವನ್ನು ಪಡೆಯುವ ಉಪಾಯವನ್ನು ಆತನು 1850ರ ಸುಮಾರಿಗೆ ಕಂಡುಹಿಡಿದನು. ಭಾರವು ಎಷ್ಟೋ ಒತ್ತಡವೂ ಅಷ್ಟೇ, ಹೆಚ್ಚಿಲ್ಲ, ಕಡಮೆಯಿಲ್ಲ. ಲಂಡನ್ನಿನಲ್ಲಿ ರಸ್ತೆಗಳ ಕೆಳಗೆ ಕೊಳವೆಗಳನ್ನು ಹಾಸಿ ಈ ನೀರಿನ ಬಲವನ್ನು ಮಾರುತ್ತಿದ್ದ ಸಂಸ್ಥೆಯೊಂದು 1977ರವರೆಗೂ ನಡೆಯಿತು. 1894ರಲ್ಲಿ ತೆರೆದ ಟವರ್ ಬ್ರಿಜ್ಜಿನ ರೆಕ್ಕೆಗಳನ್ನೂ ಬಹುಕಾಲ ನೀರಿನ ಒತ್ತಡವೇ ಎತ್ತುತ್ತಿತ್ತು. ಆದರೆ ನೀರು ಚಳಿಯಲ್ಲಿ ಹೆಪ್ಪುಗಟ್ಟುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಆದಕಾರಣ 20ನೆಯ ಶತಮಾನದ ಆದಿಯಿಂದ ನೀರಿನ ಸ್ಥಾನಕ್ಕೆ ಎಣ್ಣೆಯು ಬರತೊಡಗಿತು. ಎಣ್ಣೆಯು ಒತ್ತಡವನ್ನು ಸಾಗಿಸುವುದರೊಡನೆ ಯಂತ್ರದ ಭಾಗಗಳಿಗೆ ಜಿಡ್ಡನ್ನೂ ಒದಗಿಸುತ್ತದೆ. ಯಂತ್ರವು ಚಿಕ್ಕದಾಯಿತು, ಆರ್ಮ್‌ಸ್ಟ್ರಾಂಗನ ಕಲ್ಲು ಕಬ್ಬಿಣಗಳ ಭಾರವಾಗಲಿ ಪಾಪೆನ್ನನ ತೂಕವಾಗಲಿ ಇರಬೇಕಾದ ಎಡೆಯಲ್ಲಿ ಬೆರಳುದ್ದದ ಒಂದು ಸ್ಪ್ರಿಂಗು ಬಂದು ಕುಳಿತಿತು.

ಈ ಬಲವನ್ನು ಹೊಲಕ್ಕಿಳಿಸಿದ ಕೀರ್ತಿಯು ಐರ್ಲೆಂಡಿನ ಹ್ಯಾರಿ ಫರ್ಗುಸನ್ನನಿಗೆ ಸಲ್ಲಬೇಕು. ಆ ಕಾಲದ ಟ್ರಾಕ್ಟರುಗಳು ನೇಗಿಲನ್ನು ಹಿಂದಕ್ಕೆ ಕಟ್ಟಿ ಎಳೆಯುತ್ತಿದ್ದುವು. ನೇಗಿಲು ಬಂಡೆಗೆ ಸಿಕ್ಕಿಬಿದ್ದರೆ ಟ್ರಾಕ್ಟರಿನ ಮುಂಭಾಗವು ಮೇಲೆದ್ದು ಚಾಲಕನ ಮೇಲೆಯೇ ಮಗುಚಿಕೊಳ್ಳುವ ಭಯವಿತ್ತು. ಫರ್ಗುಸನ್ನನು ನೇಗಿಲನ್ನು ಮೂರು ಕೊಂಡಿಗಳಿಂದ ಟ್ರಾಕ್ಟರಿಗೇ ಜೋಡಿಸಿ, ಎಣ್ಣೆಯ ಒತ್ತಡದಿಂದ ಅದನ್ನು ಎತ್ತಿಳಿಸುವ ಏರ್ಪಾಡನ್ನು ರಚಿಸಿದನು. ನೆಲದ ಎಳೆತವು ಹೆಚ್ಚಿದರೆ ನೇಗಿಲು ತಾನಾಗಿ ತುಸು ಮೇಲೇಳುತ್ತಿತ್ತು. 1926ರಲ್ಲಿ ಇದಕ್ಕೆ ಪೇಟೆಂಟು ದೊರೆಯಿತು. 1946ರಿಂದ 1956ರವರೆಗೆ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ತಯಾರಾದ ಆತನ ಬೂದುಬಣ್ಣದ ಪುಟ್ಟ ಟ್ರಾಕ್ಟರುಗಳ ಸಂಖ್ಯೆಯು ಐದು ಲಕ್ಷವನ್ನು ಮೀರಿತು.

ಹಿಂದೆ ನೇಗಿಲನ್ನು ಎತ್ತಿದ ಎಣ್ಣೆಯು ಮುಂದೆ ಬಕೆಟ್ಟನ್ನೂ ಎತ್ತಲಾರದೇ? ಎರಡನೆಯ ಮಹಾಯುದ್ಧದ ಅನಂತರ ಟ್ರಾಕ್ಟರಿನ ಮುಂದಣ ಲೋಡರು ಅಮೆರಿಕ, ಯೂರೋಪುಗಳ ಹೊಲಮನೆಗಳಲ್ಲಿ ಸಾಮಾನ್ಯವಾಯಿತು. ಇಂಗ್ಲೆಂಡಿನಲ್ಲಿ 1945ರಲ್ಲಿ ಬಾಡಿಗೆಯ ಗ್ಯಾರೇಜಿನಲ್ಲಿ ಕೆಲಸವನ್ನು ಆರಂಭಿಸಿದ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡನು 1953ರಲ್ಲಿ ಮುಂದೆ ಬಕೆಟ್ಟು, ಹಿಂದೆ ಅಗೆಯುವ ತೋಳು ಇರುವ ಯಂತ್ರವನ್ನು ಹೊರತಂದನು. ಆತನ ಹೆಸರಿನ ಮೂರು ಮೊದಲಕ್ಷರಗಳೇ 'ಜೆಸಿಬಿ'. 1979ರಲ್ಲಿ ಭಾರತಕ್ಕೂ ಬಂದ ಆ ಹೆಸರು ಇಂದು ನಮ್ಮ ಹಳ್ಳಿಗಳಲ್ಲಿ ಮಣ್ಣೆತ್ತುವ ಯಾವುದೇ ಯಂತ್ರಕ್ಕೆ ಅಂಕಿತನಾಮದಂತೆ ಸಲ್ಲುತ್ತಿದೆ. ಅತ್ತ ಜಪಾನಿನ ಸಣ್ಣ ಹಿಡುವಳಿಗಳಿಗಾಗಿ ಕುಬೋಟ ಸಂಸ್ಥೆಯು 1960ರಲ್ಲಿ ತನ್ನ ಮೊದಲ ಹೊಲದ ಟ್ರಾಕ್ಟರನ್ನು ತಯಾರಿಸಿತು. ದಶಕದ ಕೊನೆಗೆ ಆ ಕಿರು ಟ್ರಾಕ್ಟರುಗಳು ಅಮೆರಿಕವನ್ನು ಮುಟ್ಟಿದುವು. ನಮ್ಮ ಬೆಂಗಳೂರಿನಲ್ಲಿಯೂ 1967ರಲ್ಲಿ ಸ್ಥಾಪಿತವಾದ ವಿ.ಎಸ್.ಟಿ. ಸಂಸ್ಥೆಯು ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಪವರ್ ಟಿಲ್ಲರುಗಳನ್ನೂ, ಮುಂದೆ ಕಿರು ಟ್ರಾಕ್ಟರುಗಳನ್ನೂ ತಯಾರಿಸಿತು. ಹೀಗೆ ಪಾಸ್ಕಲನ ತತ್ತ್ವವು ದೇಶಾಂತರಗಳನ್ನು ಸುತ್ತಿ ನಮ್ಮ ಹುಡುಗನ ಮನೆಯಂಗಳಕ್ಕೆ ಬಂದು ನಿಂತಿತು.

ಈಗ ಆ ತಿರುಪಿನ ವಿಚಾರ. ಎಂಜಿನಿನಿಂದ ತಿರುಗುವ ಪಂಪು ಎಣ್ಣೆಯನ್ನು ತಳ್ಳುತ್ತದೆ. ಚಾಲಕನು ಹಿಡಿಯನ್ನು ಆಡಿಸಿದಾಗ ಆ ಎಣ್ಣೆಯು ರಬ್ಬರಿನ ಕೊಳವೆಗಳ ಮೂಲಕ ಸಿಲಿಂಡರುಗಳನ್ನು ಸೇರಿ ಬಕೆಟ್ಟನ್ನು ಎತ್ತುತ್ತದೆ. ಭಾರವು ಹೆಚ್ಚಾಗಿ ಪಿಸ್ಟನ್ನು ನಿಂತುಬಿಟ್ಟರೂ ಪಂಪು ತಳ್ಳುವುದನ್ನು ನಿಲ್ಲಿಸದು. ಆಗ ಒತ್ತಡವು ಏರುತ್ತ ಹೋಗಿ ಏನಾದರೊಂದು ಒಡೆಯಲೇಬೇಕು. ಅದನ್ನು ತಪ್ಪಿಸಲೆಂದೇ ಒಂದು ಕವಾಟವಿದೆ. ಮೆಕ್ಯಾನಿಕ್ಕುಗಳು ಅದನ್ನು 'ರಿಲೀಫ್ ವಾಲ್ವು' ಎನ್ನುತ್ತಾರೆ. ಒತ್ತಡವು ಸ್ಪ್ರಿಂಗಿನ ಬಿಗಿಯನ್ನು ಮೀರಿದೊಡನೆ ಅದು ತೆರೆದುಕೊಂಡು ಎಣ್ಣೆಯನ್ನು ತೊಟ್ಟಿಗೆ ಮರಳಿಸುತ್ತದೆ. ಕೆರೆಯ ಕೋಡಿ ಬಿದ್ದಂತೆಯೇ ಇದು. ತಿರುಪನ್ನು ಬಿಗಿದರೆ, ಇಲ್ಲವೆ ಕೆಲವು ಯಂತ್ರಗಳಲ್ಲಿ ಸ್ಪ್ರಿಂಗಿನ ಹಿಂದೆ ತೆಳುವಾದ ಬಿಲ್ಲೆಯನ್ನು ಸೇರಿಸಿದರೆ, ಕೋಡಿಯ ಎತ್ತರವು ಹೆಚ್ಚುತ್ತದೆ.

ಇದರ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿಸಬಹುದು. ಸಿಲಿಂಡರಿನ ಒಳವ್ಯಾಸವು 5 ಸೆಂಟಿಮೀಟರು ಎನ್ನೋಣ. ಪಿಸ್ಟನ್ನಿನ ವಿಸ್ತೀರ್ಣವು ಸುಮಾರು 19.6 ಚದರ ಸೆಂಟಿಮೀಟರು. ಚದರ ಸೆಂಟಿಮೀಟರಿಗೆ 150 ಕಿಲೋಗ್ರಾಂ ಒತ್ತಡವಿದ್ದರೆ ಒಂದು ಸಿಲಿಂಡರಿನ ಬಲವು ಸುಮಾರು 2,945 ಕಿಲೋಗ್ರಾಂ. ಎರಡಕ್ಕೆ ಸುಮಾರು 5,890. ಆದರೂ ಬಕೆಟ್ಟು ಎತ್ತುವುದು ಕೆಲವು ನೂರು ಕಿಲೋಗ್ರಾಂಗಳನ್ನು ಮಾತ್ರ. ಏಕೆಂದರೆ ಸಿಲಿಂಡರು ತೋಳಿನ ಬುಡಕ್ಕೆ ಸಮೀಪದಲ್ಲಿ ದೂಡುತ್ತದೆ, ಭಾರವು ದೂರದ ತುದಿಯಲ್ಲಿರುತ್ತದೆ, ಸನ್ನೆಯ ನಿಯಮವಿದು. ಒತ್ತಡವನ್ನು 200ಕ್ಕೆ ಏರಿಸಿದರೆ ಬಕೆಟ್ಟಿನಲ್ಲಿ ಮೂರನೆಯ ಒಂದು ಪಾಲಿನಷ್ಟು ಭಾರವನ್ನು ಹೆಚ್ಚಾಗಿ ಎತ್ತಬಹುದು, ನಿಜ. ಆದರೆ ತೋಳಿನ ಪಿನ್ನುಗಳ ಮೇಲೂ ಬೆಸುಗೆಗಳ ಮೇಲೂ ಬೀಳುವ ನೂಕು ಸುಮಾರು 1,960 ಕಿಲೋಗ್ರಾಂ ಹೆಚ್ಚಾಯಿತು. ಕೊಳವೆಗಳು, ಪಂಪು, ಮುಂದಿನ ಅಚ್ಚು ಇವೆಲ್ಲ ಹಳೆಯವೇ. ಹಿಂದಿನ ಚಕ್ರಗಳು ನೆಲವನ್ನು ಬಿಟ್ಟೇಳುವ ಅಪಾಯ ಬೇರೆ. ಕೋಡಿಯನ್ನು ಏರಿಸಿದೆವು; ಏರಿಯನ್ನು ಬಲಪಡಿಸಲಿಲ್ಲ.

ಹಾಗಾದರೆ ತಿರುಪನ್ನು ಮುಟ್ಟಲೇಬಾರದೇ? ಹಾಗಲ್ಲ. ವರ್ಷಗಳು ಕಳೆದಂತೆ ಸ್ಪ್ರಿಂಗು ಸೋತು ಒತ್ತಡವು ಕುಗ್ಗುವುದುಂಟು. ಆಗ ಅದನ್ನು ಸರಿಪಡಿಸುವುದು ಯುಕ್ತವೇ. ಆದರೆ ಅದಕ್ಕೊಂದು ಕ್ರಮವಿದೆ. ಬಕೆಟ್ಟು ನಿಧಾನವಾಗಿ ಏರುತ್ತಿದ್ದರೆ ಅದು ಎಣ್ಣೆಯ ಹರಿವಿನ ಕೊರತೆ. ಭಾರವನ್ನು ಎತ್ತದೆ ನಿಂತುಬಿಟ್ಟರೆ ಮಾತ್ರ ಒತ್ತಡದ ಕೊರತೆಯನ್ನು ಸಂಶಯಿಸಬೇಕು. ಮೊದಲು ಎಣ್ಣೆಯ ಮಟ್ಟ, ಫಿಲ್ಟರು, ಸಿಲಿಂಡರಿನ ಸೀಲು ಇವುಗಳನ್ನು ನೋಡಬೇಕು. ಬಳಿಕ ಬಕೆಟ್ಟನ್ನು ನೆಲಕ್ಕಿಳಿಸಿ, ಎಂಜಿನನ್ನು ನಿಲ್ಲಿಸಿ, ಹಿಡಿಗಳನ್ನು ಎರಡೂ ಕಡೆಗೆ ಆಡಿಸಿ, ಉಳಿದ ಒತ್ತಡವನ್ನು ಕಳೆದು ಒತ್ತಡಮಾಪಕವನ್ನು ಜೋಡಿಸಬೇಕು. ಎಣ್ಣೆಯು ಬಿಸಿಯಾದ ಮೇಲೆ, ಕೈಪಿಡಿಯು ಹೇಳಿದ ವೇಗದಲ್ಲಿ ಎಂಜಿನನ್ನು ಓಡಿಸಿ, ಸಿಲಿಂಡರನ್ನು ಅದರ ಕೊನೆಯವರೆಗೆ ನಡೆಸಿ, ಕೆಲವೇ ಕ್ಷಣ ಹಿಡಿದು ಮುಳ್ಳನ್ನು ಓದಬೇಕು. ಕಡಮೆಯಿದ್ದರೆ ಎಂಜಿನನ್ನು ನಿಲ್ಲಿಸಿ, ತಿರುಪನ್ನು ಕಾಲು ಸುತ್ತು ಮಾತ್ರ ತಿರುಗಿಸಿ, ಪುನಃ ಓದಬೇಕು. ಕೈಪಿಡಿಯ ಅಂಕಿಯನ್ನು ಮುಟ್ಟಿದಲ್ಲಿಗೆ ನಿಲ್ಲಿಸಿ ನಟ್ಟನ್ನು ಭದ್ರಪಡಿಸಬೇಕು. ಮಾಪಕವಿಲ್ಲದೆ ತಿರುಪನ್ನು ಬಿಗಿಯುವುದು ಕತ್ತಲಲ್ಲಿ ಕೆರೆಯ ನೀರನ್ನು ಅಳೆದಂತೆ. ಇನ್ನೊಂದು ಎಚ್ಚರಿಕೆಯನ್ನು ಮಕ್ಕಳಿಗೆ ತಪ್ಪದೆ ಹೇಳಬೇಕು: ಎಣ್ಣೆ ಸೋರುವ ಕೊಳವೆಯನ್ನು ಬೆರಳಿನಿಂದ ತಡವಬಾರದು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆಯು ಚರ್ಮವನ್ನು ತೂರಿ ಒಳಹೊಕ್ಕೀತು. ಗಾಯವು ಮುಳ್ಳು ಚುಚ್ಚಿದಷ್ಟೇ ಕಂಡರೂ, ತಡಮಾಡಿದರೆ ಬೆರಳನ್ನೇ ಕಳೆದುಕೊಳ್ಳಬೇಕಾಗುತ್ತದೆ. ಸೋರಿಕೆಯನ್ನು ರಟ್ಟಿನ ತುಂಡಿನಿಂದ ಪರೀಕ್ಷಿಸಬೇಕು; ಗಾಯವಾದರೆ ಒಡನೆಯೇ ಶಸ್ತ್ರವೈದ್ಯರ ಬಳಿಗೆ ಓಡಬೇಕು.

ಈ ಚರಿತ್ರೆಯನ್ನೆಲ್ಲ ಮಾರನೆಯ ದಿನ ತರಗತಿಯಲ್ಲಿ ಹೇಳಿದೆವು. ಹುಡುಗನು ಸುಮ್ಮನೆ ಕೇಳಿಸಿಕೊಂಡು, ಕೊನೆಗೆ ಮೆಲ್ಲಗೆ, "ಅಣ್ಣ ಆಗಲೇ ಬಿಗಿದುಬಿಟ್ಟವನೆ, ಮೇಷ್ಟ್ರೇ" ಎಂದನು. ಭಾನುವಾರ ನಾವೇ ಅವನ ಮನೆಗೆ ಹೋದೆವು. ಅಣ್ಣನು ನಮ್ಮ ಮಾತಿಗೆ ಮೊದಲು ನಕ್ಕರೂ, ಪೇಟೆಯಿಂದ ಮಾಪಕ ಸಹಿತ ಮೆಕ್ಯಾನಿಕ್ಕನ್ನು ಕರೆಸಲು ಒಪ್ಪಿದನು. ಕೈಪಿಡಿಯಲ್ಲಿ 150 ಎಂದಿತ್ತು. ಮುಳ್ಳು 200ನ್ನು ದಾಟಿ ನಿಂತಿತು. ಚಾಲಕನ ಮೊಣಕಾಲಿನ ಪಕ್ಕದಲ್ಲಿ ಹಾದುಹೋಗುವ ಕೊಳವೆಯೊಂದು ಹಲಸಿನ ತೊಳೆಯಂತೆ ಉಬ್ಬಿಕೊಂಡಿತ್ತು. ಬಕೆಟ್ಟು ನಿಧಾನವಾಗುತ್ತಿದ್ದುದಕ್ಕೆ ಕಾರಣವು ಕೆಸರು ಕಟ್ಟಿದ ಫಿಲ್ಟರು! ತಿರುಪಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಫಿಲ್ಟರೂ ಕೊಳವೆಯೂ ಬದಲಾದುವು. ತಿರುಪು ಸಡಿಲವಾಗಿ ತನ್ನ ಮೊದಲ ಅಂಕಿಗೆ ಮರಳಿತು. ಬಕೆಟ್ಟು ಎಂದಿನಂತೆ ಎದ್ದಿತು. ಹುಡುಗನು ಅಂದಿನವರೆಗೆ ಪ್ರತಿದಿನವೂ ಆ ಕೊಳವೆಯ ಪಕ್ಕದಲ್ಲಿಯೇ ನಿಂತುಕೊಂಡು ಅಣ್ಣನೊಡನೆ ಹೊಲಕ್ಕೆ ಹೋಗುತ್ತಿದ್ದನೆಂದು ಆಗ ತಿಳಿಯಿತು.

ಬಲವನ್ನು ಗಳಿಸುವ ವಿದ್ಯೆಯನ್ನು ಮನುಷ್ಯನು ಬೇಗ ಕಲಿತನು. ಗಳಿಸಿದ ಬಲಕ್ಕೆ ಕೋಡಿಯನ್ನಿಡುವ ವಿದ್ಯೆಗೆ ಅವನು ಪ್ರಾಣಗಳ ಬೆಲೆಯನ್ನೇ ತೆರಬೇಕಾಯಿತು. ಆ ಬೆಲೆಯನ್ನು ನಮ್ಮ ಮಕ್ಕಳು ಮತ್ತೊಮ್ಮೆ ತೆರದಂತೆ ಮಾಡುವುದೇ ಪಾಠಶಾಲೆಯ ಕೆಲಸ. ಉಪಾಧ್ಯಾಯ ಬಂಧುಗಳು ಪಾಸ್ಕಲನ ನಿಯಮವನ್ನು ಬೋಧಿಸುವ ದಿನ ಊರ ಕೆರೆಯ ಕೋಡಿಯನ್ನೂ, ಅಡಿಗೆಮನೆಯ ಕುಕ್ಕರನ್ನೂ, ಹೊಲದ ಟ್ರಾಕ್ಟರನ್ನೂ ಒಟ್ಟಿಗೆ ನೆನಪಿಗೆ ತರಲೆಂದು ನಮ್ಮ ವಿಜ್ಞಾಪನೆ.